ಮಾತಿನ ದಲಾಲಿ

ಶಿಫಾರಸು ಬಹು ಹಳೆಯ ಸರಕು. ಎಮ್ಮೆಯನ್ನು ಕೊಳ್ಳಹೊರಟವನು ಅದರ ಹಲ್ಲನ್ನು ಎಣಿಸುವುದಕ್ಕೆ ಮೊದಲು ಅದನ್ನು ಹೊಗಳಿದವನ ಮುಖವನ್ನು ನೋಡುತ್ತಾನೆ. ಹೆಣ್ಣು ನೋಡಲು ಹೊರಟವರು ಜಾತಕವನ್ನು ಬಿಚ್ಚುವ ಮೊದಲು, ಸಂಬಂಧ ಹೇಳಿದವರು ಯಾರೆಂದು ವಿಚಾರಿಸುತ್ತಾರೆ. ವೈದ್ಯರು, ವಕೀಲರು, ಬಾಡಿಗೆಯ ಮನೆ, ಮಕ್ಕಳ ಶಾಲೆ—ಗೃಹಸ್ಥನ ಬಾಳಿನಲ್ಲಿ ಇನ್ನೊಬ್ಬರ ಮಾತಿನ ಆಸರೆಯಿಲ್ಲದೆ ತೀರ್ಮಾನವಾಗುವ ಸಂಗತಿಗಳು ಎಷ್ಟು ಮಹಾ! ಅಂಥ ಮಾತಿಗೆ ಬೆಲೆ ಕಟ್ಟುವ ಪದ್ಧತಿ ಹಿಂದೆ ಇರಲಿಲ್ಲವೆಂದೇನೂ ಅಲ್ಲ. ಆದರೆ ಅಂಗೈಯಗಲದ ಫೋನು ಮನೆಮನೆಗೂ ಬಂದಮೇಲೆ ಆ ಬೆಲೆ ಶೇಕಡಾವಾರು ನಿಗದಿಯಾಗಿ, ನೇರವಾಗಿ ಬ್ಯಾಂಕಿನ ಖಾತೆಗೆ ಬಂದು ಬೀಳತೊಡಗಿದೆ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಹೆಸರೇನೋ ದೊಡ್ಡದು, ಬಿಡಿಸಿ ಹೇಳಿದರೆ ಪರರ ಸರಕನ್ನು ತನ್ನ ಮಾತಿನಿಂದ ಮಾರಿಸಿ ದಲಾಲಿ ಪಡೆಯುವ ಕಸುಬು, ಅಷ್ಟೆ.

ಕಲಬುರಗಿ ನಗರದ ಮಗ್ಗುಲಲ್ಲಿ ತಾಜಸುಲ್ತಾನಪುರ ಎಂಬ ಊರಿದೆ. ಹೊರಗಿನವರು ಅದನ್ನು ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆಯೆಂದು ಬಲ್ಲರು. ಊರವರಿಗೆ ಅದು ತೊಗರಿಯ ಹೊಲಗಳಿಗೂ ಬೆಳೆಯುತ್ತಿರುವ ಪಟ್ಟಣಕ್ಕೂ ನಡುವಿನ ಹೊಸ್ತಿಲು. ಅಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆ. ಮಾಸ್ತರರ ಸೊಸೆ ಜೋಳದ ರೊಟ್ಟಿ ಬಡಿಯುವುದರಲ್ಲಿ ನಿಪುಣೆ. ಅವಳ ಕೈಯ ತಾಳವನ್ನು ಕೇಳಿಯೇ ರೊಟ್ಟಿ ಎಷ್ಟು ತೆಳ್ಳಗಾಯಿತೆಂದು ಹೇಳಬಹುದು. ಒಂದು ದಿನ ಅವಳ ಗಂಡ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿ, ಆ ಕೈಚಳಕವನ್ನು ಚಿತ್ರಿಸಿ ಯೂಟ್ಯೂಬಿಗೆ ಏರಿಸಿದ. ರೊಟ್ಟಿಯ ಬೆನ್ನಿಗೆ ಪುಂಡಿಪಲ್ಯ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಹಿಂಡಿ ಬಂತು. ಪುಣೆ, ಹೈದರಾಬಾದು, ದುಬೈಗಳಲ್ಲಿ ನೆಲಸಿದ ಈ ಸೀಮೆಯ ಹೆಣ್ಣುಮಕ್ಕಳು ತವರಿನ ಅಡಿಗೆಮನೆಯ ಸದ್ದು ಕೇಳಿದಂತಾಗಿ ನೋಡತೊಡಗಿದರು. ವರ್ಷ ಕಳೆಯುವುದರೊಳಗೆ ನೋಡುವವರ ಸಂಖ್ಯೆ ಸಾವಿರಗಳನ್ನು ದಾಟಿತು. ಜನ ನೆರೆದಲ್ಲಿಗೆ ವ್ಯಾಪಾರ ಬರುವುದು ಸಹಜವಷ್ಟೆ. ಸರಕು ಮಾರುವವರ ಓಲೆಗಳೂ ಬಂದವು.

ಮೊದಲು ಬಂದದ್ದು ಹಿಟ್ಟು ನಾದುವ ಯಂತ್ರವೊಂದರ ಓಲೆ. ಕಂಪನಿಯವರು ಬರೆದುಕೊಟ್ಟ ಹತ್ತು ಸಾಲಿನ ಹೊಗಳಿಕೆಯನ್ನು ಸೊಸೆ ನಗುನಗುತ್ತ ಒಪ್ಪಿಸಿದಳು. ಕೆಳಗೆ ಕೊಂಡಿಯನ್ನು ಕೊಟ್ಟಳು. ಯಂತ್ರವನ್ನು ಅವಳು ಕಣ್ಣಾರೆ ಕಂಡಿದ್ದುದು ಚಿತ್ರದಲ್ಲಿ ಮಾತ್ರ.

ಎದುರು ಮನೆಯ ವಿಧವೆ ಆಯಿಯೊಬ್ಬಳು ಹಬ್ಬ ಮದುವೆಗಳಿಗೆ ಹೋಳಿಗೆ ಮಾಡಿಕೊಟ್ಟು ಜೀವನ ಸಾಗಿಸುವವಳು. ನಾದಿ ನಾದಿ ಅವಳ ಮಣಿಕಟ್ಟು ಸೋತಿತ್ತು. ಕೂಡಿಟ್ಟ ಹಣದಲ್ಲಿ ೩,೮೦೦ ರೂಪಾಯಿ ತೆತ್ತು ಆ ಯಂತ್ರವನ್ನು ತರಿಸಿದಳು. ಅದು ಇಪ್ಪತ್ತನೆಯ ದಿನ ಒಮ್ಮೆ ಗುರುಗುಟ್ಟಿ ನಿಂತುಬಿಟ್ಟಿತು. ಹಿಂತಿರುಗಿಸುವ ಗಡುವು ಹತ್ತೇ ದಿನ, ಅದು ಮುಗಿದಿತ್ತು. ಮಾರಿದವರ ಫೋನು ಮೊಳಗುತ್ತಿತ್ತೇ ಹೊರತು ಎತ್ತುವವರಿರಲಿಲ್ಲ. ಆಯಿ ಜಗಳವಾಡಲಿಲ್ಲ. ಒಂದೇ ಒಂದು ಸಲ, “ನೀ ಹೇಳಿದ್ದೀ ಅಂತ ತಗೊಂಡೆ ನೋಡವ್ವಾ” ಎಂದಳು. ಅಂದಿನಿಂದ ಮಧ್ಯಾಹ್ನದ ಮಜ್ಜಿಗೆಗೆ ಈ ಮನೆಗೆ ಬರುವುದನ್ನು ನಿಲ್ಲಿಸಿದಳು.

ಸಂಗತಿ ಮಾಸ್ತರರ ಕಿವಿಗೆ ಬಿದ್ದದ್ದು ತಡವಾಗಿ.

“ಇದರಾಗ ನಿನಗ ಎಷ್ಟು ಬಂತು?” ಎಂದು ಕೇಳಿದರು.

“ನೂರಾ ತೊಂಬತ್ತು.”

“ನಿನಗ ಬರ್ತದ ಅನ್ನೋದು ಆಕಿಗೆ ಗೊತ್ತಿತ್ತೇನು?”

ಸೊಸೆ ಉತ್ತರ ಕೊಡಲಿಲ್ಲ. ಆ ಮೌನದಲ್ಲಿ ಮಾಸ್ತರರಿಗೆ ತಮ್ಮ ತಂದೆಯ ನೆನಪಾಯಿತು.

ತಂದೆ ಕಲಬುರಗಿಯ ನೆಹರೂ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ರೈತನ ತೊಗರಿ ಬರುವುದು, ಖರೀದಿದಾರನು ಹಿಡಿಯಲ್ಲಿ ತೆಗೆದು ನೋಡುವುದು, ದರ ಕೂಗುವುದು, ತೂಕವಾಗುವುದು, ಅಡತಿಯವನು ತನ್ನ ದಲಾಲಿಯನ್ನು ಪಟ್ಟಿಯಲ್ಲಿ ಬರೆಯುವುದು—ಇವೆಲ್ಲ ಮಾಸ್ತರರು ಬಾಲ್ಯದಲ್ಲಿ ಕಂಡ ದೃಶ್ಯಗಳು. ದನದ ಸಂತೆಯ ವಹಿವಾಟನ್ನೂ ಅವರು ಕಂಡಿದ್ದರು. ಅಲ್ಲಿ ದಲಾಲಿಯವನು ಟವೆಲಿನ ಕೆಳಗೆ ಕೈ ಇಡುತ್ತಾನೆ. ಕೊಳ್ಳುವವನೂ ಅದರೊಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ದರ ತಿಳಿಯದು. ಈ ಎರಡು ಪದ್ಧತಿಗಳ ಅಂತರವನ್ನು ಕುರಿತು ಗುಮಾಸ್ತರಾಗಿದ್ದ ಆ ತಂದೆ ಹೇಳುತ್ತಿದ್ದುದು ಇಷ್ಟೆ: ದಲಾಲಿ ತಿನ್ನುವುದು ತಪ್ಪಲ್ಲ, ಮಾರುವವನಿಗೂ ಕೊಳ್ಳುವವನಿಗೂ ಕೇಳಿಸುವಂತೆ ಹೇಳಲಾಗದ ದಲಾಲಿ ಮಾತ್ರ ಕಳವು.

ಸೊಸೆಗೆ ಈ ಕಸುಬೇ ಬೇಡವೆನಿಸಿತ್ತು. ಮಾಸ್ತರರು ಹಾಗೆನ್ನಲಿಲ್ಲ. ದಲಾಲಿ ಅಂಗಡಿಯ ಸಂಬಳದಿಂದಲೇ ಅಕ್ಷರ ಕಲಿತವರು ಅವರು. ಆದುದರಿಂದ ಓಲೆಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು, ಹಿಂದೆ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಕೆಂಪು ಪೆನ್ಸಿಲನ್ನು ಹಿಡಿದು ಕುಳಿತರು. ಮೊದಲು ಕಸುಬಿನ ಕುಲಗೋತ್ರಗಳ ವಿಚಾರಣೆಯಾಯಿತು.

ಇದರ ವಯಸ್ಸು ಮೂರು ದಶಕಗಳಿಗೂ ಮಿಗಿಲು. ಅಮೆರಿಕೆಯಲ್ಲಿ ೧೯೮೯ರಷ್ಟು ಹಿಂದೆಯೇ ಹೂವು ಮತ್ತು ಉಡುಗೊರೆಗಳ ವ್ಯಾಪಾರಿಯೊಬ್ಬನು ಪ್ರಾಡಿಜಿ ಎಂಬ ಗಣಕಜಾಲದ ಮೂಲಕ ಮಾರಾಟ ಮಾಡಿ, ಮಾರಾಟದ ಪಾಲನ್ನು ಆ ಜಾಲಕ್ಕೆ ಕೊಡುವ ಏರ್ಪಾಟು ಮಾಡಿಕೊಂಡಿದ್ದ. ೧೯೯೪ರಲ್ಲಿ ಸಂಗೀತದ ಮುದ್ರಿಕೆಗಳನ್ನು ಮಾರುವ ಸಿಡಿನೌ ಎಂಬ ಸಂಸ್ಥೆ ಇಂಥದೇ ಯೋಜನೆಯನ್ನು ಹೊರಗಿನವರಿಗೆ ತೆರೆಯಿತು. ೧೯೯೬ರ ಜುಲೈಯಲ್ಲಿ, ಆಗ ಪುಸ್ತಕದ ಅಂಗಡಿಯಾಗಿದ್ದ ಅಮೆಜಾನ್ ತನ್ನ ಯೋಜನೆಯನ್ನು ಆರಂಭಿಸಿತು. ಪುಸ್ತಕವೊಂದನ್ನು ಮೆಚ್ಚಿದವನು ತನ್ನ ಪುಟದಲ್ಲಿ ಹಾಗೆಂದು ಬರೆದು ಕೊಂಡಿಯನ್ನು ಕೊಟ್ಟರೆ, ಮಾರಾಟದಲ್ಲಿ ಅವನಿಗೊಂದು ಪಾಲು. ಇಂದು ಉಪ್ಪಿನಿಂದ ಹಿಡಿದು ವಿಮಾನದ ಟಿಕೇಟಿನವರೆಗೆ ಈ ಕ್ರಮವಿದೆ.

ಅದು ನಡೆಯುವ ಬಗೆ ಹೀಗೆ: ಕೊಂಡಿಯೊಳಗೆ ಶಿಫಾರಸು ಮಾಡಿದವರ ಗುರುತಿನ ಸಂಕೇತವೊಂದು ಅಡಗಿರುತ್ತದೆ. ಓದುಗನು ಅದನ್ನು ಒತ್ತಿದೊಡನೆ ಅವನ ಫೋನಿನಲ್ಲಿ ಕುಕೀ ಎಂಬ ಪುಟ್ಟ ಚೀಟಿಯೊಂದು ಉಳಿಯುತ್ತದೆ. ಗಡುವಿನೊಳಗೆ ಅವನು ಸರಕು ಕೊಂಡರೆ ಚೀಟಿಯನ್ನು ನೋಡಿ ಅಂಗಡಿಯವರು ದಲಾಲಿಯನ್ನು ಜಮಾ ಮಾಡುತ್ತಾರೆ. ಅಮೆಜಾನಿನ ಗಡುವು ೨೪ ಗಂಟೆ. ಅಷ್ಟರಲ್ಲಿ ಬುಟ್ಟಿಗೆ ಹಾಕಿಟ್ಟ ಸರಕಿಗೆ ಮಾತ್ರ ಹೆಚ್ಚಿನ ಕಾಲಾವಕಾಶ. ಕೊಂಡವನು ಸರಕನ್ನು ಹಿಂತಿರುಗಿಸಿದರೆ ದಲಾಲಿಯೂ ಹಿಂತಿರುಗುತ್ತದೆ. ಈ ಕಾರಣದಿಂದಲೇ ಹಣ ಕೈಗೆ ಬರುವುದು ತಿಂಗಳುಗಳ ಮೇಲೆ. ಚೀಟಿಯಿದ್ದಲ್ಲಿ ಕಳ್ಳಚೀಟಿಯೂ ಇರಬೇಕಷ್ಟೆ! ಈಬೇ ಸಂಸ್ಥೆಯ ಯೋಜನೆಯಲ್ಲಿ, ನೋಡುಗರಿಗೆ ಅರಿವಿಲ್ಲದಂತೆ ಅವರ ಗಣಕಗಳಿಗೆ ಇಂಥ ಚೀಟಿಗಳನ್ನು ತುರುಕಿ, ತಾವು ಮಾಡದ ಶಿಫಾರಸಿಗೆ ದಲಾಲಿ ಪಡೆದ ಇಬ್ಬರಿಗೆ ಅಮೆರಿಕೆಯ ನ್ಯಾಯಾಲಯ ೨೦೧೪ರಲ್ಲಿ ಜೈಲುವಾಸ ವಿಧಿಸಿತು.

ಕುಲಗೋತ್ರ ತಿಳಿದಮೇಲೆ ಓಲೆಗಳ ಪರೀಕ್ಷೆ. ಮೊದಲನೆಯದು ಬಹಳ ಅಲಂಕಾರದ್ದು. ಮಾರಾಟದ ಮೇಲೆ ಶೇಕಡಾ ೪೦ರಷ್ಟು ದಲಾಲಿ; ಸೇರುವವರು ಕೊಡಬೇಕಾದದ್ದು ೪,೯೯೯ ರೂಪಾಯಿ ಮಾತ್ರ; ಇನ್ನೊಬ್ಬರನ್ನು ಸೇರಿಸಿದರೆ ಅದರಲ್ಲಿ ಪಾಲು, ಅವರು ಮತ್ತೊಬ್ಬರನ್ನು ಸೇರಿಸಿದರೆ ಅದರಲ್ಲೂ ಪಾಲು. ವಿದೇಶದ ಕಡಲತೀರದಲ್ಲಿ ನಿಂತ ಯುವಕರ ಚಿತ್ರಗಳು ಹತ್ತಾರು. ಮಾಸ್ತರರು ಎರಡು ಸಲ ಓದಿ ಒಂದೇ ಪ್ರಶ್ನೆ ಹಾಕಿದರು: “ಇವರು ಮಾರೂದು ಏನು?” ಮಾರುವ ಸರಕಿನ ಹೆಸರು ನಾಲ್ಕನೆಯ ಪುಟದಲ್ಲಿ, ಅದೂ ಸಣ್ಣ ಅಕ್ಷರದಲ್ಲಿ, ಕಂಡಿತು. ಸೇರುವವರ ಹಣವೇ ಮೊದಲು ಸೇರಿದವರ ಆದಾಯವಾದಲ್ಲಿ ಅದು ವ್ಯಾಪಾರವಲ್ಲ. ನೀರಿಲ್ಲದ ಬಾವಿಗೆ ಒಬ್ಬರನ್ನೊಬ್ಬರು ಇಳಿಸುವ ಆಟ. ಇಂಥ ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸುವ ಕಾಯಿದೆ ನಮ್ಮ ದೇಶದಲ್ಲಿ ೧೯೭೮ರಲ್ಲೇ ಆಯಿತು. ೨೦೨೧ರ ಡಿಸೆಂಬರಿನಲ್ಲಿ ಹೊರಟ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು ಹೆಸರು ಹಿಡಿದೇ ನಿಷೇಧಿಸಿದುವು. ಕೆಂಪು ಪೆನ್ಸಿಲು ಆ ಓಲೆಯ ಮೂಲೆಯಿಂದ ಮೂಲೆಗೆ ಎಳೆಯಲ್ಪಟ್ಟಿತು. ದಲಾಲನು ದುಡಿಯುವುದಕ್ಕೆ ದಲಾಲನೇ ಹಣ ಕಟ್ಟಬೇಕೆಂಬ ಅಂಗಡಿಯನ್ನು ಗಂಜಿನಲ್ಲಿ ಯಾರೂ ಕಂಡಿರಲಿಲ್ಲ.

ಎರಡನೆಯ ಓಲೆ ಗಿಡಮೂಲಿಕೆಯ ಪುಡಿಯೊಂದರದು. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತೆಸೆಯುತ್ತದೆಂದು ಅದರ ಪ್ರತಿಜ್ಞೆ. ದಲಾಲಿ ಶೇಕಡಾ ೩೦. ಮಾಸ್ತರರಿಗೇ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ.

“ಹಂಗಾದ್ರ ನಾಳೆಯಿಂದ ನಾ ನನ್ನ ಗುಳಿಗಿ ಬಿಟ್ಟು ಇದನ್ನ ತಿನ್ನಲೇನು?” ಎಂದರು.

ಸೊಸೆ ಗಾಬರಿಯಾಗಿ, “ಅಯ್ಯೋ, ಬ್ಯಾಡ್ರೀ ಮಾವಾ!” ಎಂದಳು. ಆ ಓಲೆಯ ತೀರ್ಪು ಅಲ್ಲಿಗೆ ಮುಗಿಯಿತು. ಮನೆಯ ಹಿರಿಯರಿಗೆ ಬೇಡವಾದದ್ದು ಪುಣೆಯ ಹೆಣ್ಣುಮಗಳ ಮನೆಯ ಹಿರಿಯರಿಗೆ ಬೇಕಾಗುವುದು ಹೇಗೆ? ಸಕ್ಕರೆ ಕಾಯಿಲೆ ಮೊದಲಾದ ರೋಗಗಳು ಗುಣವಾಗುವುವೆಂದು ಔಷಧದ ಜಾಹೀರಾತು ಮಾಡುವುದು ೧೯೫೪ರ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ಮಾಸ್ತರರು ನೆನಪಿಸಿದರು. ದಲಾಲಿಯ ದರ ಎತ್ತರವಾದಷ್ಟೂ ಸರಕಿನ ಕಡೆಗೆ ಎರಡು ಸಲ ನೋಡಬೇಕೆಂಬುದು ಅಂದಿನ ಎರಡನೆಯ ಪಾಠ. ಚೆನ್ನಾದ ತೊಗರಿಯನ್ನು ಮಾರಿಸಲು ಯಾರೂ ಮೂರನೆಯ ಒಂದು ಪಾಲು ಬಿಟ್ಟುಕೊಡುವುದಿಲ್ಲ.

ಮೂರನೆಯದು ದೊಡ್ಡ ಅಂಗಡಿಯೊಂದರ ಯೋಜನೆ. ಓದಲು ನೀರಸ, ಚಿತ್ರವೊಂದೂ ಇಲ್ಲ. ಸೇರಲು ಹಣ ಕೊಡಬೇಕಾಗಿಲ್ಲ, ದಲಾಲಿ ಅಲ್ಪ, ಸರಕಿನ ಬಗೆಗೆ ತಕ್ಕಂತೆ ದರ ಬೇರೆಬೇರೆ, ತನ್ನ ಮನೆಗೆ ತಾನೇ ಕೊಂಡದ್ದಕ್ಕೆ ದಲಾಲಿಯಿಲ್ಲ, ತಾನು ದಲಾಲಿ ಪಡೆಯುತ್ತಿರುವುದನ್ನು ನೋಡುಗರಿಗೆ ತಿಳಿಸದಿದ್ದರೆ ಖಾತೆ ರದ್ದು. ಹೀಗೆ ಬೇಡಗಳ ಸಾಲೇ ಸಾಲು. ಸೊಸೆಗೆ ಅದು ಸರಕಾರಿ ಸುತ್ತೋಲೆಯಂತೆ ಕಂಡಿತು. ಮಾಸ್ತರರಿಗೋ, ಆ ನೀರಸತೆಯೇ ಮೆಚ್ಚಾಯಿತು. ತನ್ನ ದಲಾಲನನ್ನು ಕಟ್ಟುನಿಟ್ಟಿನಲ್ಲಿಡುವ ಅಂಗಡಿಗೆ ಗಿರಾಕಿಯ ಚಿಂತೆ ಸ್ವಲ್ಪವಾದರೂ ಇದ್ದೀತು.

ಆದರೆ ಮೆಚ್ಚುಗೆಯೊಂದೇ ಸಾಲದು. ನಿಬಂಧನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲಾಯಿತು. ಹಣ ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ಕೂಡಿದಮೇಲೆ ಬರುತ್ತದೆ ಎಂಬುದಕ್ಕೆ ಕೆಂಪು ಗೆರೆ ಬಿತ್ತು. ಏಕೆಂದರೆ ಎಂದೂ ಮುಟ್ಟಲಾಗದ ಮೊತ್ತವನ್ನು ಮಿತಿಯಾಗಿಟ್ಟು ಸಣ್ಣವರ ಸಂಪಾದನೆಯನ್ನು ತಾವೇ ಉಳಿಸಿಕೊಳ್ಳುವ ಯೋಜನೆಗಳೂ ಉಂಟು. ದರವನ್ನು ಅಂಗಡಿಯವರು ತಮ್ಮಿಷ್ಟದಂತೆ ಬದಲಿಸಬಹುದೆಂಬ ಸಾಲಿಗೆ ಎರಡು ಗೆರೆ. ಅದು ಬರಿಯ ಬೆದರಿಕೆಯಲ್ಲ: ೨೦೨೦ರ ಏಪ್ರಿಲಿನಲ್ಲಿ ಅಮೆಜಾನ್ ಅಮೆರಿಕೆಯಲ್ಲಿ ಪೀಠೋಪಕರಣಗಳ ದಲಾಲಿಯನ್ನು ಶೇಕಡಾ ೮ರಿಂದ ೩ಕ್ಕೆ ಇಳಿಸಿತು, ದಿನಸಿಯದು ೫ರಿಂದ ೧ಕ್ಕೆ ಇಳಿಯಿತು. ಅದೊಂದನ್ನೇ ನೆಚ್ಚಿದ್ದವರ ಒಲೆ ಅಂದು ಹೇಗೆ ಉರಿದಿರಬಹುದೆಂಬುದನ್ನು ಊಹಿಸಬಹುದು. ಆದುದರಿಂದ ಈ ಹಣ ಉಪ್ಪಿನಕಾಯಿಯಂತಿರಬೇಕು, ಅನ್ನವಾಗಬಾರದು ಎಂದು ತೀರ್ಮಾನವಾಯಿತು.

ಯೋಜನೆ ಯೋಗ್ಯವಾದರೆ ಅದರೊಳಗಿನ ಸರಕೆಲ್ಲ ಯೋಗ್ಯವೆಂದಲ್ಲ. ದೊಡ್ಡ ಅಂಗಡಿಯ ಚಾವಣಿಯ ಕೆಳಗೆ ಸಾವಿರಾರು ಸಣ್ಣ ಮಾರಾಟಗಾರರು. ಹಾಗಾಗಿ ಮಾಸ್ತರರು ಗಂಜಿನ ಕ್ರಮವನ್ನೇ ಇಲ್ಲಿಗೂ ತಂದರು. ಹಿಡಿಯಲ್ಲಿ ತೆಗೆದು ನೋಡದೆ ದರ ಕೂಗಬಾರದು. ಸೊಸೆ ಶಿಫಾರಸು ಮಾಡಬೇಕೆಂದಿದ್ದ ಕಬ್ಬಿಣದ ಹಂಚನ್ನು ಬೆಂಗಳೂರಿನಲ್ಲಿದ್ದ ನಾದಿನಿಯ ಹೆಸರಿನಲ್ಲಿ ತರಿಸಲಾಯಿತು. ಎಷ್ಟು ದಿನಕ್ಕೆ ಬಂತು, ಪೆಟ್ಟಿಗೆ ಒಡೆದಿತ್ತೇ, ಪಟ್ಟಿಯ ಮೇಲೆ ಮಾರಾಟಗಾರನ ವಿಳಾಸವಿತ್ತೇ, ಅವನ ಜಿ.ಎಸ್.ಟಿ. ಸಂಖ್ಯೆಯನ್ನು ಸರಕಾರದ ಜಾಲತಾಣದಲ್ಲಿ ಹಾಕಿ ನೋಡಿದರೆ ಅದೇ ಹೆಸರು ಬರುತ್ತದೆಯೇ ಎಂಬುದೆಲ್ಲ ವಿಚಾರಣೆಗೆ ಬಂತು. ಅನಂತರ, ಬೇಕೆಂದೇ, ಅದನ್ನು ಹಿಂತಿರುಗಿಸಲಾಯಿತು! ಹಣ ಆರನೆಯ ದಿನ ಮರಳಿತು. ಕೊಳ್ಳುವಾಗ ಎಲ್ಲರೂ ಸಜ್ಜನರೇ. ಹಿಂತಿರುಗಿಸುವಾಗ ಗೊತ್ತಾಗುತ್ತದೆ ಅಂಗಡಿಯ ಬಣ್ಣ. ಎರಡನೆಯ ಹಂಚನ್ನು ತರಿಸಿ, ಸೊಸೆ ಒಂದು ತಿಂಗಳು ಅದರ ಮೇಲೆಯೇ ರೊಟ್ಟಿ ಸುಟ್ಟಳು.

ಇನ್ನು ಉಳಿದದ್ದು ಟವೆಲಿನ ಕೆಳಗಿನ ಕೈಯನ್ನು ಹೊರಗೆ ತೆಗೆಯುವುದು. ಇದರಲ್ಲಿ ಕಾನೂನೂ ಮಾಸ್ತರರ ತಂದೆಯ ಪಕ್ಷಕ್ಕೇ ಇದೆ. ೨೦೨೨ರ ಜೂನಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಕನ್ನು ಹೊಗಳುವವನಿಗೂ ಮಾರುವವನಿಗೂ ಹಣದ ಸಂಬಂಧವಿದ್ದಲ್ಲಿ ಅದನ್ನು ಬಹಿರಂಗಪಡಿಸಬೇಕು. ಸರಕನ್ನು ತಕ್ಕಮಟ್ಟಿಗೆ ತಿಳಿದೇ ಹೊಗಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡವುಂಟು. ಮತ್ತೆ ತಪ್ಪಿದರೆ ಐವತ್ತು ಲಕ್ಷದವರೆಗೆ. ೨೦೨೩ರ ಜನವರಿಯಲ್ಲಿ ಸರಕಾರವು ಇನ್ನೊಂದು ಕೈಪಿಡಿಯನ್ನು ಹೊರಡಿಸಿ, ಈ ಮಾತನ್ನು ಕಣ್ಣಿಗೆ ಬೀಳುವಂತೆ ಸರಳ ಭಾಷೆಯಲ್ಲಿ ಹೇಳಬೇಕೆಂದು ತಿಳಿಸಿತು. ಹೆಚ್ಚಿನವರು ಇದನ್ನು ಪುಟದ ಬುಡದಲ್ಲಿ, ಇರುವೆಸಾಲಿನಂಥ ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಸೊಸೆ ಹಂಚಿನ ಚಿತ್ರದ ಮೊದಲ ಮಾತಿನಲ್ಲೇ ಹೇಳಿದಳು: “ಅಕ್ಕಗೋಳ್ರೇ, ಈ ಕೊಂಡಿಯಿಂದ ನೀವು ಹಂಚು ತಗೊಂಡ್ರ ನನಗ ದಲಾಲಿ ಬರ್ತದ. ನಿಮಗ ಒಂದು ಪೈಸಾನೂ ಜಾಸ್ತಿ ಆಗಂಗಿಲ್ಲ. ನಿಮ್ಮೂರ ಸಂತ್ಯಾಗ ಇದಕ್ಕಿಂತ ಅಗ್ಗ ಸಿಕ್ಕರ ಅಲ್ಲೇ ತಗೋರಿ.”

ಗಂಡನಿಗೆ ಈ ಕೊನೆಯ ಮಾತು ಅತಿಯಾಯಿತೆನಿಸಿತು. ಅವನ ಲೆಕ್ಕ ತಪ್ಪಲೂ ಇಲ್ಲ. ಆ ತಿಂಗಳು ಹಂಚಿನಿಂದ ಬಂದದ್ದು ನಾನೂರು ಚಿಲ್ಲರೆ. ಆದರೆ ಕೊಂಡವರಲ್ಲಿ ಒಬ್ಬರೂ ಹಿಂತಿರುಗಿಸಲಿಲ್ಲ.

ಈ ನಡುವೆ ಆಯಿಯ ಯಂತ್ರದ ಕಥೆ ಮುಗಿದಿರಲಿಲ್ಲ. ಸೊಸೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಬರೆಸಿದಳು. ಏಳು ವಾರಗಳ ಪತ್ರವ್ಯವಹಾರದ ಮೇಲೆ ಮಾರಿದವರು ಅರ್ಧ ಹಣವನ್ನು ಹಿಂದಿರುಗಿಸಿದರು. ಉಳಿದರ್ಧ ೧,೯೦೦ ರೂಪಾಯಿ. ಅದನ್ನು ಸೊಸೆ ತನ್ನ ದಲಾಲಿಯ ಹಣದಿಂದ ತುಂಬಿಸಿದಳು. ಒಂದು ನೂರಾ ತೊಂಬತ್ತರ ಮಾತಿಗೆ ಹತ್ತು ನೂರಾ ತೊಂಬತ್ತುಗಳು ಹೋದವು. ಆಯಿ ಮೊದಲು ಬೇಡವೆಂದಳು. ಮಾಸ್ತರರು, “ಇದು ದಾನ ಅಲ್ಲವ್ವಾ, ತಿದ್ದುಪಡಿ” ಎಂದಮೇಲೆ ಸೆರಗಿನಲ್ಲಿ ಕಟ್ಟಿಕೊಂಡಳು. ಮಜ್ಜಿಗೆಗೆ ಮಾತ್ರ ಬರಲಿಲ್ಲ.

ಸೊಸೆಯ ಚಿತ್ರಗಳಲ್ಲಿ ದಲಾಲಿಯಿಲ್ಲದ ಶಿಫಾರಸುಗಳೂ ಉಂಟು. ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಈ ಸೀಮೆಯ ತೊಗರಿಬೇಳೆಯನ್ನು ಅವಳು ಹೊಗಳುತ್ತಾಳೆ. ಕಮಲಾಪುರದ ಕೆಂಪು ಬಾಳೆಯನ್ನು ಹೊಗಳುತ್ತಾಳೆ. ಜಿಲ್ಲೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ದೂರದೂರಿಗೆ ಕಳಿಸತೊಡಗಿ, ೨೦೨೫ರ ಜೂನಿನಲ್ಲಿ ಪ್ರಧಾನಮಂತ್ರಿಗಳ ಬಾನುಲಿ ಭಾಷಣದಲ್ಲಿಯೂ ಅದರ ಪ್ರಸ್ತಾಪ ಬಂದಾಗ, ಇವಳು ಅದಕ್ಕೊಂದು ಇಡೀ ಚಿತ್ರವನ್ನು ಮೀಸಲಿಟ್ಟಳು. “ಇದಕ್ಕ ನಿನಗ ಏನೂ ಬರಂಗಿಲ್ಲಲ್ಲ?” ಎಂದು ಗಂಡ ಕೇಳಿದ. “ಅದಕ್ಕ ಅದನ್ನೂ ಹೇಳೀನಿ” ಎಂದಳು. ಬರುವುದನ್ನು ಬರುವುದೆಂದೂ, ಬಾರದ್ದನ್ನು ಬಾರದೆಂದೂ ಹೇಳುವ ಅಭ್ಯಾಸವಾಗಿಬಿಟ್ಟಿತ್ತು.

ಚೈತ್ರದ ಒಂದು ಮಧ್ಯಾಹ್ನ. ಕಲಬುರಗಿಯ ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬಾಗಿಲ ಬಳಿ ನೆರಳಾಡಿತು. ಎದುರು ಮನೆಯ ಆಯಿ ಮೊಮ್ಮಗನ ಫೋನನ್ನು ಹಿಡಿದು ನಿಂತಿದ್ದಳು. ಅದರಲ್ಲಿ ಹೊಸದೊಂದು ಕುಕ್ಕರಿನ ಚಿತ್ರ.

“ಇದು ಚಲೋ ಅದ ಏನವಾ?”

ಸೊಸೆ ಫೋನನ್ನು ತೆಗೆದುಕೊಂಡು ನೋಡಿದಳು. ಅದೇ ಕುಕ್ಕರಿನ ಓಲೆ ವಾರದ ಹಿಂದೆ ಅವಳಿಗೂ ಬಂದಿತ್ತು. ಮೇಜಿನ ಮೇಲೆ ಇನ್ನೂ ಕೆಂಪು ಗೆರೆ ಬೀಳದೆ ಕುಳಿತಿತ್ತು.

“ನನಗ ಗೊತ್ತಿಲ್ಲ ಆಯೀ. ನಾ ಇನ್ನೂ ಬಳಸಿಲ್ಲ. ಮಾರಿಸಿದ್ರ ನನಗ ಅರವತ್ತು ರೂಪಾಯಿ ಕೊಡ್ತಾರಂತ.”

ಆಯಿ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಅನಂತರ ಫೋನನ್ನು ಸೆರಗಿನ ಮರೆಯಲ್ಲಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

“ಹಂಗಾದ್ರ ನೀ ಬಳಸಿ ನೋಡಿದ ಮ್ಯಾಲೆ ಹೇಳು. ಅವಸರಿಲ್ಲ. ಮಜ್ಜಿಗಿ ಅದ ಏನು?”